ಮನೆಯವರಿಗೆ ತಿಳಿದಿದೆ

ಸಾಲಿಗ್ರಾಮ
11 ಆಗಸ್ಟ್ 2025

ತುರ್ತು ವೈದ್ಯಕೀಯ ಸ್ವಯಂಸೇವಕರ ತಂಡ, ಕುಂದಾಪುರ – ಇವರಿಗೆ,

ಈ ಕಾಗದದ ಜೊತೆ ಒಂದು ಚೀಲ ಕಳಿಸುತ್ತಿದ್ದೇನೆ. ಅದು ನಿಮ್ಮದೆಂದು ಅದರ ಮೇಲೆ ಬರೆದ ವಿಳಾಸದಿಂದ ತಿಳಿಯಿತು. ಒಳಗೆ ಕಿತ್ತಳೆ ಬಣ್ಣದ ಜಾಕೀಟು, ಎರಡು ಜೊತೆ ಕೈಗವಸು, ಬ್ಯಾಂಡೇಜಿನ ಸುರುಳಿಗಳು, ಟಾರ್ಚ್ ಮತ್ತು ಒಂದು ಸೀಟಿ ಇವೆ. ಜಾಕೀಟು ಮಣ್ಣಾಗಿತ್ತು. ಒಗೆದಿದ್ದೇನೆ. ಮಳೆಗೆ ಪೂರ್ತಿ ಒಣಗಲಿಲ್ಲ.

ಚೀಲ ನಮ್ಮ ಅಂಗಡಿಯಲ್ಲಿ ತಾಮ್ರದ ತಂತಿಯ ಪೆಟ್ಟಿಗೆಯ ಹಿಂದೆ ಇತ್ತು. ನನ್ನ ಗಂಡ ಹೃಷಿಕೇಶ ಐತಾಳರು ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದರು. ಜುಲೈ ಇಪ್ಪತ್ತನಾಲ್ಕಕ್ಕೆ ತೀರಿಕೊಂಡರು. ಇಲಿಜ್ವರ ಎಂದರು. ಹದಿಮೂರನೆಯ ದಿನದ ಕೆಲಸಗಳೆಲ್ಲ ಮುಗಿದ ಮೇಲೆ ಅಂಗಡಿ ಖಾಲಿ ಮಾಡಲು ಹೋದಾಗ ಇದು ಸಿಕ್ಕಿತು. ಅವರು ನಿಮ್ಮ ತಂಡದಲ್ಲಿದ್ದರೆಂದು ನನಗೆ ಗೊತ್ತಿರಲಿಲ್ಲ.

ಜಾಕೀಟಿನ ಕಿಸೆಯಲ್ಲಿ ಒಂದು ಹಾಜರಿ ಚೀಟಿ ಇತ್ತು. ಜುಲೈ 5, 6, 7, ಬೈಂದೂರು ಎಂದು ಬರೆದಿದೆ. ಆ ಮೂರು ದಿನ ಅವರು ಹುಬ್ಬಳ್ಳಿಯಲ್ಲಿ ಪಂಪ್ ಕಂಪನಿಯ ತರಬೇತಿಗೆ ಹೋಗಿದ್ದರು. ನಿಮ್ಮ ಚೀಟಿಯಲ್ಲಿ ತಾರೀಕು ತಪ್ಪಾಗಿದ್ದರೆ ತಿಳಿಸಿ.

ಚೀಲ ತಲುಪಿತೆಂದು ಒಂದು ಸಾಲು ಬರೆದರೆ ಸಾಕು. ಮಾತಾಡಲು ಯಾರೂ ಮನೆಗೆ ಬರುವುದು ಬೇಡ.

ತುಂಗಾ ಐತಾಳ


ಕುಂದಾಪುರ
18 ಆಗಸ್ಟ್ 2025

ತುಂಗಾ ಅವರಿಗೆ,

ಚೀಲ ತಲುಪಿತು. ಹೃಷಿಕೇಶರು ಇಲ್ಲ ಎಂಬುದು ನನಗೆ ನಿಮ್ಮ ಕಾಗದದಿಂದಲೇ ಗೊತ್ತಾದದ್ದು. ಒಂದು ತಿಂಗಳಿಂದ ಅವರು ತಂಡದ ವಾಟ್ಸಾಪಿನಲ್ಲಿ ಮಾತಾಡಿರಲಿಲ್ಲ. ಮಳೆಗಾಲದಲ್ಲಿ ಮೋಟಾರು ರಿಪೇರಿಯ ಗಡಿಬಿಡಿ ಇರುತ್ತದೆ ಎಂದು ಸುಮ್ಮನಿದ್ದೆ. ನಾನು ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಈ ತಂಡ ನೋಡಿಕೊಳ್ಳುತ್ತಿದ್ದೇನೆ. ಒಬ್ಬ ಮನುಷ್ಯ ಒಂದು ತಿಂಗಳು ಮಾತಾಡದಿದ್ದರೆ ಏನಾಯಿತೆಂದು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ.

ಚೀಟಿಯ ತಾರೀಕು ತಪ್ಪಿಲ್ಲ. ಆ ಮೂರು ದಿನ ಹೃಷಿಕೇಶರು ನಮ್ಮೊಂದಿಗೆ ಬೈಂದೂರಿನ ಕಡೆ, ಹೊಳೆ ನುಗ್ಗಿದ ಊರಿನಲ್ಲಿದ್ದರು. ನಾವು ಹದಿನಾಲ್ಕು ಜನ. ಸೊಂಟದ ಮಟ್ಟದ ನೀರಿನಲ್ಲಿ ಸ್ಟ್ರೆಚರ್ ಹೊತ್ತು ಕಾಯಿಲೆಯವರನ್ನು, ಬಾಣಂತಿಯೊಬ್ಬಳನ್ನು ಶಾಲೆಗೆ ಸಾಗಿಸಿದೆವು. ಅವರು ಯಾವಾಗಲೂ ಮುಂದಿನ ಹಿಡಿಕೆ ಹಿಡಿಯುತ್ತಿದ್ದರು. ಮುಂದಿದ್ದವರಿಗೆ ಕಾಲಡಿಯ ಹೊಂಡ ಮೊದಲು ಸಿಗುತ್ತದೆ, ಹಿಂದಿನವರು ಉಳಿಯುತ್ತಾರೆ ಎನ್ನುತ್ತಿದ್ದರು.

ನಿಮಗೆ ಗೊತ್ತಿರಲಿಲ್ಲ ಎಂಬ ಸಾಲನ್ನು ನಾಲ್ಕು ಸಲ ಓದಿದೆ. ನಮ್ಮ ಅರ್ಜಿಯಲ್ಲಿ ‘ನಾನು ಈ ಕೆಲಸಕ್ಕೆ ಹೋಗುವುದು ಮನೆಯವರಿಗೆ ತಿಳಿದಿದೆ, ಅವರ ಒಪ್ಪಿಗೆ ಇದೆ’ ಎಂಬ ಸಾಲಿದೆ. ಅದರ ಕೆಳಗೆ ನಿಮ್ಮ ಸಹಿ ಇದೆ. ತುರ್ತಿಗೆ ಕರೆಯಬೇಕಾದ ನಂಬರ್ ಎಂದು ನಿಮ್ಮ ನಂಬರ್ ಇದೆ. ಜುಲೈ 14ರಂದು ಎಲ್ಲರ ಮನೆಗೂ ಕಳಿಸಿದಂತೆ ಆ ನಂಬರಿಗೂ ನಾನೇ ಸಂದೇಶ ಕಳಿಸಿದ್ದೆ: ‘ಇವರು ನೆರೆ ನೀರಿನಲ್ಲಿ ಕೆಲಸ ಮಾಡಿದ್ದಾರೆ. ಮೂರು ವಾರದೊಳಗೆ ಜ್ವರ ಬಂದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ, ಇಲಿಜ್ವರದ ಪರೀಕ್ಷೆ ಮಾಡಿಸಿ.’ ‘ಆಯ್ತು, ಅಪ್ಪ ಆರಾಮಿದ್ದಾರೆ’ ಎಂದು ಉತ್ತರ ಬಂದಿತ್ತು.



ಸುಗುಣ ಶೆಟ್ಟಿ


ಸಾಲಿಗ್ರಾಮ
27 ಆಗಸ್ಟ್ 2025

ಸುಗುಣ ಶೆಟ್ಟಿಯವರಿಗೆ,

ಇವತ್ತು ಚೌತಿ. ನಮಗೆ ಈ ವರ್ಷ ಹಬ್ಬವಿಲ್ಲ. ಬೆಳಿಗ್ಗೆ ಎಂಟಕ್ಕೆ ಕೆಲಸ ಮುಗಿಯಿತು, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಯಾವ ಅರ್ಜಿಗೂ ಸಹಿ ಹಾಕಿಲ್ಲ. ನನ್ನದು ಬಟನ್ ಫೋನ್, ಅದಕ್ಕೆ ವಾಟ್ಸಾಪ್ ಇಲ್ಲ. ಜುಲೈ ಹದಿನಾಲ್ಕಕ್ಕೆ ನನಗೆ ಯಾರ ಸಂದೇಶವೂ ಬಂದಿಲ್ಲ.

ಅವರು ಹೇಳದೆ ಹೋದದ್ದು ಏಕೆಂದು ನೀವು ಕೇಳಿಲ್ಲ. ಆದರೂ ಬರೆಯುತ್ತೇನೆ. 2021ರ ಮೇ ತಿಂಗಳಲ್ಲಿ ಅವರು ಇಂಥದೇ ಇನ್ನೊಂದು ಗುಂಪಿನ ಜೊತೆ ಕೊರೋನಾ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದರು. ಮನೆಗೆ ಬಂದು ಹೊರಗೇ ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಆದರೂ ಬಂತು. ಅವರಿಗೆ ಎರಡು ದಿನ ಕೆಮ್ಮು. ನನ್ನ ಅತ್ತೆ ಒಂಬತ್ತನೆಯ ದಿನ ಹೋದರು. ಆಗ ನಾನು ಒಂದೇ ಮಾತು ಹೇಳಿದ್ದೆ: “ಇನ್ನ್ ಈ ಮನಿಯಿಂದ ಆ ಕೆಲ್ಸಕ್ಕೆ ಯಾರೂ ಹೋಪುದ್ ಬೇಡ.” ಅವರು “ಆಯ್ತ್” ಎಂದರು. ಆ ವಿಷಯ ಅಲ್ಲಿಗೆ ಮುಗಿದಿತ್ತು.

ಆ ಅರ್ಜಿಯ ಪ್ರತಿ ಕಳಿಸಿ. ಆ ನಂಬರ್ ಯಾವುದೆಂದು ಬರೆಯಿರಿ.

ತುಂಗಾ


(ಇದೇ ಲಕೋಟೆಯಲ್ಲಿ, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ)

ಕುಂದಾಪುರ ಬಸ್ ನಿಲ್ದಾಣ
28 ಆಗಸ್ಟ್ 2025

ಸುಗುಣ ಮೇಡಂ,

ನಾನು ಹೃಷಿಕೇಶ ಐತಾಳರ ಮಗಳು ಅನ್ವಿತಾ. ಕುಂದಾಪುರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಈ ಲಕೋಟೆಯನ್ನು ಪೋಸ್ಟಿಗೆ ಹಾಕಲು ಅಮ್ಮ ನನ್ನ ಕೈಯಲ್ಲಿ ಕೊಟ್ಟರು. ಅಂಟಿಸಿರಲಿಲ್ಲ. ಬಸ್ಸಿನಲ್ಲಿ ಓದಿದೆ.

ಆ ಸಹಿ ನನ್ನದು. ನಂಬರೂ ನನ್ನದು.

ಹೋದ ವರ್ಷ ಅಪ್ಪ ಅರ್ಜಿ ತಂದು, “ಅಮ್ಮಂಗೆ ನಾನೇ ಹೇಳ್ತೆ, ನಿಧಾನಕ್ಕೆ. ಈಗ ನೀ ಒಂದ್ ಗೀಚ್ ಮಗಾ” ಎಂದರು. ಗೀಚಿದೆ. ಅಮ್ಮನ ಸಹಿ ಸುಲಭ. ಎಂಟನೇ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡಿಗೂ ಹಾಕಿದ್ದೆ. ಅಪ್ಪ ನಿಮ್ಮ ತರಬೇತಿಯಿಂದ ಬಂದು ಅಂಗಡಿಯ ಬೆಂಚಿನ ಮೇಲೆ ನನ್ನ ಕಾಲಿಗೆ ಪಟ್ಟಿ ಕಟ್ಟಿ ಅಭ್ಯಾಸ ಮಾಡುತ್ತಿದ್ದರು. ಅಮ್ಮ ಊಟ ತರುವ ಹೊತ್ತಿಗೆ ಬಿಚ್ಚಿಡುತ್ತಿದ್ದೆವು. ನನಗೆ ಅದು ಖುಷಿಯಾಗುತ್ತಿತ್ತು.

ಜುಲೈ 16ಕ್ಕೆ ಜ್ವರ ಬಂತು. ಆ ಸಂಜೆಯೇ ನಿಮ್ಮ ಮೆಸೇಜನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿ ಓದಿದರು. “ಡಾಕ್ಟ್ರಿಗೆ ನಾನೇ ಹೇಳ್ತೆ. ಅಮ್ಮಂಗೆ ಹೇಳೂಕ್ ಹೋಗ್ಬೇಡ. ಅವ್ಳ್ ಮತ್ತೆ ಊಟ ಮಾಡುದಿಲ್ಲೆ” ಎಂದರು. ಮರುದಿನ ಅಮ್ಮನ ಜೊತೆ ಕ್ಲಿನಿಕ್ಕಿಗೆ ಹೋಗಿ ಬಂದರು. ಹೇಳಿದ್ದಾರೆ ಎಂದುಕೊಂಡೆ. ಮೂರು ದಿನ ಹಾಗೇ ಅಂದುಕೊಂಡಿದ್ದೆ. ಭಾನುವಾರ ಅಪ್ಪನ ಕಣ್ಣು ಹಳದಿಯಾಗಿತ್ತು. “ಹೇಳಿದ್ರಿಯಾ ಅಪ್ಪ?” ಎಂದು ಕೇಳಿದೆ. ಅವರಿಗೆ ಆಗ ಮಾತು ತಿಳಿಯುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಸೇರಿಸಿದ ಮೇಲೆ ಹೊರಗೆ ನಿಂತಿದ್ದ ನರ್ಸಿಗೆ ಹೇಳಿದೆ. ಅವರು ಬರೆದುಕೊಂಡರು. ಅಷ್ಟೊತ್ತಿಗೆ ಇಲಿಜ್ವರವೆಂದು ಅಲ್ಲಿಯ ಡಾಕ್ಟರಿಗೇ ಗೊತ್ತಾಗಿತ್ತು.

ದಯವಿಟ್ಟು ಅಮ್ಮನಿಗೆ ಅರ್ಜಿಯ ಪ್ರತಿ ಕಳಿಸಬೇಡಿ. ಉತ್ತರ ಬರೆಯುವುದಾದರೆ ಬಸ್ರೂರಿನಲ್ಲಿರುವ ನನ್ನ ಚಿಕ್ಕಪ್ಪ ಮಧುಸೂದನ ಐತಾಳರ ಮನೆಗೆ ಬರೆಯಿರಿ. ವಿಳಾಸ ಹಿಂದುಗಡೆ ಇದೆ.

ಅನ್ವಿತಾ


ಕುಂದಾಪುರ
4 ಸೆಪ್ಟೆಂಬರ್ 2025

ಅನ್ವಿತಾ,

ನಿನ್ನ ಹಾಳೆ ಓದಿದೆ. ನೀನು ಕೇಳಿದ್ದಕ್ಕೆ ಹೌದೆನ್ನಲೂ ಆಗುವುದಿಲ್ಲ, ಇಲ್ಲವೆನ್ನಲೂ ಆಗುವುದಿಲ್ಲ. ಅರ್ಜಿಯ ಪ್ರತಿಯನ್ನು ಸದ್ಯಕ್ಕೆ ಕಳಿಸುವುದಿಲ್ಲ. ಆದರೆ ನಿನ್ನ ಅಮ್ಮ ಮತ್ತೆ ಕೇಳಿದರೆ ಸುಳ್ಳು ಹೇಳಲಾರೆ. ಆ ಮನೆಗೆ ಇನ್ನೊಂದು ಸುಳ್ಳು ನನ್ನ ಕೈಯಿಂದ ಹೋಗುವುದು ಬೇಡ. ನೀನೇ ಹೇಳು.

ಒಂದು ಮಾತು ನರ್ಸ್ ಆಗಿ ಹೇಳುತ್ತೇನೆ. ಮೊದಲ ದಿನವೇ ಗೊತ್ತಾಗಿದ್ದರೆ ಉಳಿಯುತ್ತಿದ್ದರೇ ಎಂದು ನೀನು ಕೇಳಿಲ್ಲ, ಆದರೆ ಅದನ್ನೇ ಕೇಳುತ್ತಿದ್ದೀ. ಉಳಿಯುವ ಸಾಧ್ಯತೆ ಹೆಚ್ಚಿತ್ತು. ಖಂಡಿತ ಎಂದು ಯಾರೂ ಹೇಳಲಾರರು. ಸಮಾಧಾನಕ್ಕೆಂದು ಬೇರೆ ಏನಾದರೂ ಬರೆದರೆ ನೀನು ನಂಬುವುದೂ ಇಲ್ಲ.

ಹದಿನೆಂಟು ವರ್ಷದ ಹುಡುಗಿಯ ಕೈಯಲ್ಲಿ ಆ ಸಹಿ ಹಾಕಿಸಿದ್ದು ನಿನ್ನ ಅಪ್ಪ. ಅದನ್ನು ನೋಡಿ, ಆ ಮನೆಗೆ ಒಂದು ಸಲವೂ ಹೋಗದೆ, ಫೈಲಿಗೆ ಹಾಕಿದ್ದು ನಾನು.

ಊಟ ಬಿಡಬೇಡ.

ಸುಗುಣ


ಕುಂದಾಪುರ
15 ಸೆಪ್ಟೆಂಬರ್ 2025

ತುಂಗಾ ಅವರಿಗೆ,

ಅರ್ಜಿಯ ಪ್ರತಿ ಈ ಕಾಗದದ ಜೊತೆ ಇಲ್ಲ. ಇನ್ನೂ ಸ್ವಲ್ಪ ದಿನ ಕೊಡಿ. ಕಾರಣ ಕೇಳಬೇಡಿ.

ನಾನು ಹೋದ ಸಲ ಬರೆಯದೆ ಬಿಟ್ಟ ಒಂದು ಸಂಗತಿ ಇದೆ. ನೆರೆ ನೀರಿಗೆ ಇಳಿಯುವವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಡುತ್ತೇವೆ. ಮೊದಲ ದಿನ ಹೊರಡುವಾಗ ನನ್ನ ಡಬ್ಬಿಯಲ್ಲಿ ಹನ್ನೊಂದು ಜನಕ್ಕೆ ಸಾಕಾಗುವಷ್ಟೇ ಇತ್ತು. ಹೃಷಿಕೇಶರು ಕೈ ಹಿಂದೆ ಮಾಡಿಕೊಂಡು, “ಹುಡುಗ್ರಿಗೆ ಕೊಡಿ ಸುಗುಣಕ್ಕ. ನಾ ಮನಿಗೆ ಹೋದ್ಕೂಡ್ಲೆ ಮೆಡಿಕಲ್ಲಿಂದ ತಕಂತೆ” ಎಂದರು. ನಾನು ಸರಿ ಎಂದೆ. ಅವರು ಮನೆಗೆ ಹೋಗಿ ತೆಗೆದುಕೊಂಡರೋ ಇಲ್ಲವೋ ಕೇಳಲಿಲ್ಲ. ಉಳಿದಿಬ್ಬರು ಬೈಂದೂರಿನಲ್ಲೇ ಕೊಂಡು ನುಂಗಿದರು. ಹದಿಮೂರು ಜನ ಆರಾಮಿದ್ದಾರೆ.

ಊರಿನವರಿಗೆ ಬೇಕಾದ ಔಷಧಗಳ ಪಟ್ಟಿಯನ್ನು ನಾನು ಮೂರು ಸಲ ಸರಿನೋಡಿದ್ದೆ. ನಮ್ಮ ಹದಿನಾಲ್ಕು ಜನರದ್ದನ್ನು ಎಣಿಸಲೇ ಇಲ್ಲ.

ನಿಮ್ಮ ಕಾಗದ ಬಂದ ಮೇಲೆ ಎಲ್ಲರ ಅರ್ಜಿಗಳನ್ನೂ ತೆಗೆದು ನೋಡಿದೆ. ನನ್ನದನ್ನೂ. ನಾನು ಒಬ್ಬಳೇ ಇರುವವಳು. ನನಗೇನಾದರೂ ಆದರೆ ಕರೆಯಬೇಕಾದವರು ಎಂದು ಪಕ್ಕದ ಮನೆಯ ಸುಪ್ರೀತಾಳ ಹೆಸರು ಬರೆದಿದ್ದೆ. ಮೊನ್ನೆ ಅವಳಿಗೆ ಹೇಳಿದೆ. “ಹೌದಾ ಅಕ್ಕ? ನಂಗೆ ಹೇಳ್ಲೇ ಇಲ್ಲೆ ಅಲೆ ನೀವ್” ಎಂದಳು. ನನ್ನ ಬಿ.ಪಿ. ಮಾತ್ರೆ ಯಾವುದೆಂದು ಅವಳಿಗೆ ಗೊತ್ತಿಲ್ಲ. ನನ್ನ ಮನೆಯ ಬೀಗದ ಕೈಯೂ ಅವಳ ಹತ್ತಿರ ಇರಲಿಲ್ಲ.

ನೀವು ಬೈದು ಬರೆದರೂ ಬರೆಯಿರಿ.

ಸುಗುಣ


ಸಾಲಿಗ್ರಾಮ
6 ಅಕ್ಟೋಬರ್ 2025

ಸುಗುಣಕ್ಕನವರಿಗೆ,

ಅವರು ನಿಮ್ಮನ್ನು ಹಾಗೆ ಕರೆಯುತ್ತಿದ್ದರೆಂದು ಬರೆದಿದ್ದೀರಿ. ನಾನೂ ಹಾಗೇ ಬರೆಯುತ್ತೇನೆ.

ಅರ್ಜಿಯ ಪ್ರತಿ ಬೇಡ. ಆಗಸ್ಟಿನಲ್ಲಿ ನೀವು ‘ಅಪ್ಪ ಆರಾಮಿದ್ದಾರೆ’ ಎಂಬ ಉತ್ತರದ ಬಗ್ಗೆ ಬರೆದಾಗಲೇ ನನಗೆ ಗೊತ್ತಾಗಿತ್ತು. ಗಂಡನ ವಿಷಯಕ್ಕೆ ಅಪ್ಪ ಎಂದು ನಾನೇಕೆ ಬರೆಯಲಿ? ನನ್ನ ಸಹಿ ಹಾಕಲು ಬರುವವಳೂ ಅವಳೊಬ್ಬಳೇ. ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನು ನೋಡಿಯೂ ನೋಡದವಳಂತೆ ಇದ್ದೆ.

ಆ ಲಕೋಟೆಯನ್ನು ಅಂಟಿಸದೆ ಅವಳ ಕೈಗೆ ಕೊಟ್ಟದ್ದು ಬೇಕೆಂದೇ. ಓದುತ್ತಾಳೆ, ಸಂಜೆ ಬಂದು ಹೇಳುತ್ತಾಳೆ ಎಂದುಕೊಂಡೆ. ಬಂದಳು. ಕೈಕಾಲು ತೊಳೆದು, “ಅಮ್ಮ, ಹಾಕ್ದೆ” ಎಂದಳು. ನಾನು “ಹ್ಞೂಂ” ಎಂದೆ. ಎರಡು ವಾರ ಕಳೆದ ಮೇಲೆ ಕಾಲೇಜಿಗೆ ಹತ್ತಿರ ಎಂದು ಬಸ್ರೂರಿಗೆ ಅವಳ ಚಿಕ್ಕಪ್ಪನ ಮನೆಗೆ ಹೋದಳು. ನಾನು ತಡೆಯಲಿಲ್ಲ. ಬಟ್ಟೆ ಮಡಚಿ ಕೊಟ್ಟೆ.

ಅವಳು ನಿಮಗೆ ಬರೆದಿದ್ದಾಳೆ ಎಂದು ಊಹಿಸಿದ್ದೇನೆ. ಏನು ಬರೆದಳೆಂದು ಕೇಳುವುದಿಲ್ಲ. ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಯಾರಿಗೂ ಹೇಳಿಲ್ಲ. ನಿಮ್ಮ ಮುಖವನ್ನು ನಾನು ನೋಡಿಲ್ಲ, ಅದಕ್ಕೇ ಬರೆಯಲು ಆಗುತ್ತಿದೆ.

ಜುಲೈ ಹದಿನೇಳರ ಬೆಳಿಗ್ಗೆ ಅವರನ್ನು ಇಲ್ಲಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ಡಾಕ್ಟರು ಕಣ್ಣು ನೋಡಿ, ಹೊಟ್ಟೆ ಒತ್ತಿ, “ಗದ್ದೆ ಕೆಲ್ಸ ಇತ್ತಾ? ನೆರೆ ನೀರಿಗೆ ಎಲ್ಲಾದ್ರೂ ಇಳ್ದಿದ್ರಾ ಐತಾಳ್ರೆ?” ಎಂದು ಕೇಳಿದರು.

ಅವರು ನನ್ನ ಮುಖ ನೋಡಿದರು.

ಜ್ವರದಿಂದ ಮಾತಾಡಲಾಗುತ್ತಿಲ್ಲ ಎಂದುಕೊಂಡು ನಾನೇ ಹೇಳಿದೆ: “ಇಲ್ಲೆ ಡಾಕ್ಟ್ರೆ. ನಮ್ದ್ ಅಂಗ್ಡಿ ಕೆಲ್ಸ. ಇವ್ರ್ ಹುಬ್ಬಳ್ಳಿಗೆ ಹೋಯ್ ಬಂದದ್, ಅಲ್ಲಿನ ಹೋಟ್ಲ್ ಊಟ ಆಯ್ಲಿಲ್ಲೆ.” ಡಾಕ್ಟರು ಅವರತ್ತ ತಿರುಗಿ, “ಹೌದಾ?” ಎಂದರು. ಅವರು ಹೌದೆಂದು ತಲೆ ಅಲ್ಲಾಡಿಸಿದರು. ಡಾಕ್ಟರು ಮೂರು ದಿನದ ಮಾತ್ರೆ ಬರೆದರು.

ಹೊರಗೆ ಆಟೋ ಹತ್ತುವಾಗ ಅವರು “ತುಂಗಾ” ಎಂದರು.

“ಎಂತ?” ಎಂದೆ.

“ಎಂತ ಇಲ್ಲೆ” ಎಂದರು.

ಅಷ್ಟೇ. ನಲವತ್ತೇಳು ವರ್ಷದ ಗಂಡಸು. ಡಾಕ್ಟರ ಎದುರಿಗೆ ಕೂತು, ಕಾಯಿಲೆಗಿಂತ ನನಗೆ ಹೆಚ್ಚು ಹೆದರಿದರು. ನಾನು ಅವರನ್ನು ಯಾವತ್ತೂ ದೊಡ್ಡ ದನಿಯಲ್ಲಿ ಬೈದವಳಲ್ಲ ಸುಗುಣಕ್ಕ. ಅತ್ತೆ ಹೋದಾಗ ಹೇಳಿದ ಆ ಒಂದೇ ಮಾತು.

ನಿಮ್ಮನ್ನು ಬೈಯಬೇಕೆಂದು ಕೂತೆ. ಬರಲಿಲ್ಲ. ಅಳುವೂ ಬರುವುದಿಲ್ಲ. ಬಂದವರೆಲ್ಲ ತುಂಗಾ ಗಟ್ಟಿಗಿತ್ತಿ ಎಂದು ಹೇಳಿ ಹೋಗುತ್ತಾರೆ. ದಿನಾ ಅನ್ನ ಮಾಡುತ್ತೇನೆ. ಇಬ್ಬರಿಗೆ ಆಗುವಷ್ಟು ಅಕ್ಕಿ ಹಾಕುತ್ತೇನೆ, ಉಳಿದದ್ದನ್ನು ದನಕ್ಕೆ ಹಾಕುತ್ತೇನೆ.

ತುಂಗಾ


ಕುಂದಾಪುರ
22 ಅಕ್ಟೋಬರ್ 2025

ತುಂಗಾ,

ನಿಮ್ಮ ಕಾಗದಕ್ಕೆ ಎರಡು ಸಲ ಉತ್ತರ ಬರೆದು ಹರಿದೆ.

ತಂಡದಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಇನ್ನು ಯಾರ ಅರ್ಜಿಯನ್ನೂ ಕಚೇರಿಯಲ್ಲಿ ಕೂತು ತೆಗೆದುಕೊಳ್ಳುವುದಿಲ್ಲ. ನಾನು ಅವರ ಮನೆಗೆ ಹೋಗಬೇಕು. ಮನೆಯಲ್ಲಿ ಇರುವವರೆಲ್ಲ ಕೂತಿರಬೇಕು. ಇವರು ನಾಲ್ಕು ದಿನ ಇಲ್ಲದಿದ್ದರೆ ಮಗುವನ್ನು ಶಾಲೆಗೆ ಬಿಡುವವರು ಯಾರು, ಅಜ್ಜಿಗೆ ಇನ್ಸುಲಿನ್ ಕೊಡುವವರು ಯಾರು, ಕಾಗದಪತ್ರ ಎಲ್ಲಿವೆ, ತಿರುಗಿ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಏನು ಹೇಳಬೇಕು – ಎಲ್ಲವನ್ನೂ ಬಾಯಿಬಿಟ್ಟು ಮಾತಾಡಿದ ಮೇಲೆಯೇ ಸಹಿ. ಒಪ್ಪಿಗೆ ಇಲ್ಲವೆಂದರೆ ಇಲ್ಲ. ನಮ್ಮವರೆಲ್ಲರಿಗೂ ಮಾತ್ರೆ ಸಿಗುವ ತನಕ ಯಾರೂ ಗಾಡಿ ಹತ್ತುವ ಹಾಗಿಲ್ಲ.

ಮುಂದಿನ ತಿಂಗಳು ಗುಲ್ವಾಡಿಯಲ್ಲಿ ಒಂದು ಮನೆಗೆ ಹೋಗುವುದಿದೆ. ನನ್ನ ಜೊತೆ ಬರುತ್ತೀರಾ? ನೀವು ಏನೂ ಮಾತಾಡಬೇಕಾಗಿಲ್ಲ. ಯಾಕೆ ಕರೆಯುತ್ತಿದ್ದೇನೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಒಬ್ಬಳೇ ಹೋದರೆ ಮತ್ತೆ ಬರೀ ಕಾಗದ ತುಂಬಿಸಿಕೊಂಡು ಬಂದುಬಿಡುತ್ತೇನೇನೋ ಎಂಬ ಹೆದರಿಕೆ ಇದೆ.

ಬಸ್ಸಿನ ಸಮಯ ಕೆಳಗೆ ಬರೆದಿದ್ದೇನೆ. ಬಾರದಿದ್ದರೂ ತಪ್ಪು ತಿಳಿಯುವುದಿಲ್ಲ.

ಸುಗುಣ


ಸಾಲಿಗ್ರಾಮ
24 ನವೆಂಬರ್ 2025

ಸುಗುಣಕ್ಕ,

ಗುಲ್ವಾಡಿಯಿಂದ ಬಂದು ಎಂಟು ದಿನವಾಯಿತು. ಬಸ್ಸಿನಲ್ಲಿ ನೀವು ಏನೂ ಕೇಳಲಿಲ್ಲ, ಒಳ್ಳೆಯದಾಯಿತು. ಆಗ ಕೇಳಿದ್ದರೆ ಏನೂ ಅನ್ನಿಸಲಿಲ್ಲ ಎನ್ನುತ್ತಿದ್ದೆ. ಈಗ ಬರೆಯುತ್ತಿದ್ದೇನೆ.

ತಂಡ ಸೇರಬೇಕೆಂದಿದ್ದ ಕುಷ್ಟನನ್ನು ನೋಡಿದ ಕೂಡಲೇ ಇವನೂ ಮನೆಯಲ್ಲಿ ಹೇಳಿಲ್ಲ ಎಂದು ನನಗೆ ಗೊತ್ತಾಯಿತು. ಮೀನಿನ ಟೆಂಪೋ ಓಡಿಸುವ ಆಳು, ಅಷ್ಟು ಗಟ್ಟಿಮುಟ್ಟು, ನಮಗೆ ಕುರ್ಚಿ ಹಾಕುವಾಗ ಎರಡೆರಡು ಸಲ ಒಳಗೆ ನೋಡುತ್ತಿದ್ದ. ನೀವು ಅರ್ಜಿ ತೆಗೆದ ಕೂಡಲೇ ಅವನ ಹೆಂಡತಿ ವಿಜೇತಾ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೊರಗೆ ಬಂದಳಲ್ಲ. “ಹ್ವಾಯ್, ಎಂತ ಅರ್ಜಿ ಅದ್? ನಂಗೆ ಗೊತ್ತೇ ಇಲ್ಲೆ ಅಲೆ!”

ಆಮೇಲೆ ಅವಳು ಆಡಿದ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ. “ಇಲ್ಲಿ ಮಗಿಗೆ ಜ್ವರ ಬಂದ್ರೆ ಮದ್ದ್ ತರೂಕೆ ಜನ ಇಲ್ಲೆ. ಇವ್ರ್ ಊರಿಗೆಲ್ಲ ಮದ್ದ್ ಕೊಡೂಕೆ ಹೋತ್ರಂಬ್ರು!” ಅವನು, “ಹೇಳ್ಕಂಡೇ ಹೋಪುದ್ ಮಾರಾಯ್ತಿ” ಎಂದ. ಇವಳು, “ಹೇಳುದಲ್ಲ, ಕೇಳ್ಕ್ ನನ್ನತ್ರ” ಎಂದಳು. ಅವನೂ ದನಿ ಏರಿಸಿದ. ಮಗು ಅತ್ತಿತು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ನೀವು ಪೆನ್ನಿನ ಮುಚ್ಚಳ ಹಾಕಿದಿರಿ. ನಾನು ಅವರಿಬ್ಬರ ಬಾಯಿಯನ್ನೇ ನೋಡುತ್ತಿದ್ದೆ.

ಅವಳು ನನ್ನತ್ತ ತಿರುಗಿ, “ನೀವ್ ಹೇಳಿ ಅಮ್ಮ. ನೀವ್ ಬಿಟ್ಟಿದ್ರಿಯಾ ನಿಮ್ಮವ್ರನ್ನ?” ಎಂದು ಕೇಳಿದಳು.

“ಇಲ್ಲೆ. ನಾ ಬಿಡ್ಲಿಲ್ಲೆ” ಎಂದೆ. “ನಂಗೆ ಹೇಳ್ದೆ ಹೋದ್ರ್.”

“ಮತ್ತೆ?”

“ಜ್ವರ ಬಂತ್. ಎಲ್ಲಿಗೆ ಹೋದ್ದ್ ಅಂದೇಳಿ ನಂಗೆ ಗೊತ್ತಿರ್ಲಿಲ್ಲೆ. ಡಾಕ್ಟ್ರಿಗೆ ತಪ್ಪ್ ಹೇಳ್ದೆ. ತೀರ್ಕಂಡ್ರ್.”

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗ ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತಿತ್ತು. ಕುಷ್ಟ ಅಂಗಳಕ್ಕೆ ಇಳಿದು ಹೋದ. ವಿಜೇತಾ ಮಗುವನ್ನು ನನ್ನ ಕೈಗೆ ಕೊಟ್ಟು, ನಿಮ್ಮ ಪೆನ್ನು ಕಿತ್ತುಕೊಂಡು, ಅರ್ಜಿಯ ಮೇಲೆ ‘ಈಗ ಬೇಡ. ಮಗುವಿಗೆ ವರ್ಷ ತುಂಬಿದ ಮೇಲೆ ಬಂದು ಕೇಳಿ’ ಎಂದು ಬರೆದು ಸಹಿ ಹಾಕಿದಳು. ನಿಮಗೆ ಒಬ್ಬ ಒಳ್ಳೆಯ ಆಳು ಕಡಿಮೆಯಾದ. ನಿಮ್ಮ ಮುಖದಲ್ಲಿ ಬೇಸರ ಕಂಡಿತು.

ನಾನು ಯೋಚಿಸಿದ್ದು ಬೇರೆ. ಅವಳು ಕೂಗಿದಳು, ಅವನೂ ಕೂಗಿದ. ನಾವು ಹೊರಡುವ ಹೊತ್ತಿಗೆ ಅವನು ಬಂದು ಮಗುವನ್ನು ಎತ್ತಿಕೊಂಡ. ಅವಳು ಅವನಿಗೂ ಒಂದು ಲೋಟ ಚಾ ತಂದಳು. ನಮ್ಮ ಮನೆಯಲ್ಲಿ ಯಾರೂ ಕೂಗಿದವರಿಲ್ಲ. ನಾನು ಒಂದು ಸಲ ಬೇಡ ಎಂದೆ. ಆಮೇಲೆ ನಾಲ್ಕು ವರ್ಷ ಗಂಡನೂ ಮಗಳೂ ನನ್ನ ಸುತ್ತ ಸದ್ದಿಲ್ಲದೆ ನಡೆದಾಡಿದರು. ನಾನು ಅದನ್ನು ನೆಮ್ಮದಿ ಎಂದುಕೊಂಡಿದ್ದೆ.

ಇನ್ನೊಂದು ಮನೆಗೆ ಹೋಗುವುದಿದ್ದರೆ ತಿಳಿಸಿ. ಬರಬಹುದು. ಅದಕ್ಕೆ ಮೊದಲು ನಾನು ಒಂದು ಕಾಗದ ಬರೆಯಬೇಕಿದೆ.

ತುಂಗಾ


ಸಾಲಿಗ್ರಾಮ
2 ಡಿಸೆಂಬರ್ 2025

ಅನ್ವಿತಾ,

ಹದಿನೈದು ಮೈಲಿಯಾಚೆ ಇರುವ ಮಗಳಿಗೆ ಅಮ್ಮ ಪೋಸ್ಟಿನಲ್ಲಿ ಕಾಗದ ಹಾಕುತ್ತಾಳೆಯೇ ಎಂದು ಚಿಕ್ಕಪ್ಪ ನಗಬಹುದು. ಅವರಿಗೆ ತೋರಿಸಬೇಡ. ನೀನು ಪ್ರತಿ ಭಾನುವಾರ ಬರುತ್ತೀ. ಊಟ ಮಾಡುತ್ತೀ. ಪರೀಕ್ಷೆ ಹೇಗಾಯಿತು ಎಂದರೆ ಅಡ್ಡಿಲ್ಲೆ ಎನ್ನುತ್ತೀ. ನಾಲ್ಕೂವರೆಯ ಬಸ್ಸಿಗೆ ಹೋಗುತ್ತೀ. ಎದುರಿಗೆ ಕೂತರೆ ನನಗೂ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಹಿ ನಿನ್ನದೆಂದು ನನಗೆ ಆಗಸ್ಟಿನಿಂದ ಗೊತ್ತು. ಸಂದೇಶ ನಿನಗೆ ಬಂದಿತ್ತೆಂದೂ ಗೊತ್ತು. ನನಗೆ ಗೊತ್ತಿದೆ ಎಂದು ನಿನಗೂ ಗೊತ್ತಿರಬೇಕು.

ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಕ್ಲಿನಿಕ್ಕಿನಲ್ಲಿ ಡಾಕ್ಟರು ನಿನ್ನ ಅಪ್ಪನನ್ನು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ನೆರೆ ನೀರಿಗೆ ಇಳಿದಿದ್ದಿರಾ ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲು ನಾನು ಇಲ್ಲ ಎಂದೆ. ಅವರು ನನ್ನ ಮುಖ ನೋಡಿ ಸುಮ್ಮನಾದರು. ಡಾಕ್ಟರಿಗೆ ಹೇಳುತ್ತೇನೆಂದು ಅವರು ನಿನಗೆ ಮಾತು ಕೊಟ್ಟಿರಬಹುದು. ಕೊಟ್ಟಿದ್ದರೆ, ಅದನ್ನು ಉಳಿಸಿಕೊಳ್ಳಲು ಆಗದ ಹಾಗೆ ಪಕ್ಕದಲ್ಲಿ ಕೂತಿದ್ದವಳು ನಾನು.

ಇದನ್ನು ಓದಿ ನಿನ್ನ ಮೇಲಿನ ಭಾರ ಇಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆದು ನನ್ನದು ಇಳಿದಿಲ್ಲ. ಆದರೆ ನೀನು ಒಬ್ಬಳೇ ಹೊತ್ತುಕೊಂಡು ಓಡಾಡಬೇಡ.

ಇನ್ನೂ ಒಂದು. ಅಪ್ಪನ ಮೇಲೆ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ನಾಲ್ಕು ತಿಂಗಳಿಂದ ಬಾಯಿ ಮುಚ್ಚಿದ್ದೆ. ಮಗಳ ಕೈಯಲ್ಲಿ ಅಂಥ ಕೆಲಸ ಮಾಡಿಸಬಾರದಿತ್ತು. ಹೆಂಡತಿಯ ಹತ್ತಿರ ಬಂದು, ನಾನು ಹೋಗುತ್ತೇನೆ, ನೀನು ಏನು ಬೇಕಾದರೂ ಮಾಡಿಕೋ ಎನ್ನಬೇಕಿತ್ತು. ಎಂದಿದ್ದರೆ ನಾನು ಏನು ಮಾಡುತ್ತಿದ್ದೆ? ಎರಡು ದಿನ ಊಟ ಬಿಡುತ್ತಿದ್ದೆ. ಮೂರನೆಯ ದಿನ ಅವರ ಬಟ್ಟೆ ಕಟ್ಟಿಕೊಡುತ್ತಿದ್ದೆನೇನೋ. ಈಗ ಗೊತ್ತಾಗುವ ಹಾಗಿಲ್ಲ.

ಆ ಮೂರು ದಿನ ಬೈಂದೂರಿನಲ್ಲಿ ಅವರು ಏನು ಮಾಡಿದರೆಂದು ಸುಗುಣಕ್ಕ ನಾಲ್ಕು ಸಾಲು ಬರೆದಿದ್ದಾರೆ. ಅದರ ಹಿಂದಿನ ಒಂದು ವರ್ಷ ಅವರು ಏನು ಕಲಿತರು, ಯಾರ ಜೊತೆ ಓಡಾಡಿದರು, ಮನೆಗೆ ಬಂದು ನಿನ್ನ ಹತ್ತಿರ ಏನು ಹೇಳಿ ನಗುತ್ತಿದ್ದರು – ಅದು ನಿನಗೊಬ್ಬಳಿಗೇ ಗೊತ್ತಿರುವುದು. ಇಪ್ಪತ್ತೊಂದು ವರ್ಷ ಜೊತೆಗಿದ್ದವಳಿಗೆ ಆ ಒಂದು ವರ್ಷದ ಮನುಷ್ಯ ಗೊತ್ತಿಲ್ಲ.

ಈ ಭಾನುವಾರ ಬೇಡ, ಶನಿವಾರವೇ ಬಾ. ಮೊದಲಿನಿಂದ ಹೇಳು. ಅರ್ಜಿ ತಂದ ದಿನದಿಂದ ಕೊನೆಯ ದಿನದವರೆಗೆ, ಏನನ್ನೂ ಬಿಡದೆ. ನಾನು ಬೈಯುವುದಿಲ್ಲ ಎಂದು ಮಾತು ಕೊಡಲಾರೆ. ಅಳುವುದಿಲ್ಲ ಎಂದೂ ಹೇಳಲಾರೆ.

ಎದ್ದು ಹೋಗುವುದಿಲ್ಲ.

ಅಮ್ಮ